ಕಳಿಸುವ ಪದ

ಹಾನುಬಾಳು
೧೮-೧೧-೨೦೨೫, ಮಂಗಳವಾರ

ನನ್ನ ಮುದ್ದು ಸ್ನೇಹಾ,

ನಿನ್ನ ಅಜ್ಜಿ ಮಾದೇವಮ್ಮ ಇನ್ನೂ ಗಟ್ಟಿಯಾಗಿದ್ದಾಳೆ. ಮಂಡಿ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದ ಮಾತು ಕೇಳುತ್ತದೆ. ಫೋನು ಇರುವಾಗ ಮುದುಕಿ ಕಾಗದ ಯಾಕೆ ಬರೆದಳು ಎಂದು ನಗಬೇಡ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಎರಡು ದಿನ ಕೂತು ಬರೆದಿದ್ದೇನೆ. ಬಾಯಲ್ಲಿ ಹೇಳಬಾರದ ಒಂದು ಹಾಡಿದೆ, ಅದಕ್ಕೇ ಕಾಗದ.

ನೀನು ಮಾಡಿದ ಹಾಡು ಕೇಳಿದೆ. ಮೂರು ವರ್ಷ ಟಿ.ವಿ.ಯಲ್ಲಿ ಅತ್ತೆಯ ಕೈಲಿ ಬೈಸಿಕೊಂಡು ಅತ್ತವಳು, ಎರಡು ಸಲ ಸತ್ತು ಅದೇ ಲಿಪ್‌ಸ್ಟಿಕ್ಕಿನಲ್ಲಿ ಎದ್ದು ಬಂದವಳು, ಈಗ ಹಾಡುಗಾರ್ತಿ! ತಿಂಗಳೊಪ್ಪತ್ತಿನಲ್ಲಿ ಹಾನುಬಾಳಿನ ಅಂಗಡಿ, ಬಸ್ಸು, ಕಾಫಿ ಕೊಯ್ಯುವ ಹೆಂಗಸರ ಸೊಂಟದ ಫೋನು, ಎಲ್ಲೆಲ್ಲೂ ನೀನೇ. ಪಕ್ಕದ ಮನೆ ಭೂತಮ್ಮ ಫೋನು ಹಿಡಿದುಕೊಂಡೇ ಬಂದಳು. "ನಿನ್ ಮೊಮ್ಮಗ್ಳ ಪ್ಯಾಂಟು ಮಂಡಿ ಹತ್ರ ಹರ್ದೋಗೈತೆ ಕಣೇ, ಟೀವೀಲಿ ಬರೋಳ್ಗೆ ಒಂದು ಹೊಲಿಗೆ ಹಾಕ್ಸಕ್ಕಾಗಲ್ವಾ?" ಅಂದಳು. "ಮೊದ್ಲು ನಿನ್ ಬಾಯಿಗೆ ಹಾಕುಸ್ತೀನಿ, ತಡಿ" ಅಂದೆ. ಜಂಬ ಪಟ್ಟೆ ಮಗಾ, ಸುಳ್ಳು ಯಾಕೆ ಹೇಳಲಿ. ಆಮೇಲೆ ಕಿವಿಗೊಟ್ಟು ಕೇಳಿದೆ. ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು.

ಬಂದುಬಿಡೇ ಮಗಳೆ, ದಾರಿ ಬೆಳಕೈತೆ,
ಕಾಲ ತೊಳೆಯಲು ನೀರ ಇಟ್ಟಿವ್ನಿ.

ಅದನ್ನು ಹದಿನಾರು ಸಲ ಹಾಡಿದ್ದೀಯ. ಕೆಳಗೆ ಜನಪದ ಅಂತ ಬೇರೆ ಹಾಕಿದ್ದಾರಂತೆ. ಅದು ಲಾಲಿ ಅಲ್ಲ ಮಗಾ. ನೀನು ಲಾಲಿ ಅಂದುಕೊಂಡು ಬೆಳೆದದ್ದು ನನ್ನ ತಪ್ಪು.

ಅದು ಕರೆಯುವ ಪದ. ನಮ್ಮ ಮನೆತನದಲ್ಲಿ ಯಾರಾದರೂ ಮನೆಯಿಂದ ದೂರ ಸತ್ತರೆ, ಮೂರನೇ ದಿನ ಹೆಂಗಸರು ಜೀವ ಹೋದ ಜಾಗಕ್ಕೆ ಹೋಗುತ್ತೇವೆ. ಹಿತ್ತಾಳೆ ಚೊಂಬಿನಲ್ಲಿ ನೀರು ಹಿಡಿದು, ಈ ಪದ ಹಾಡುತ್ತ ಅವರನ್ನು ಮನೆಗೆ ಕರೆತಂದು, ಕೂರಿಸಿ ಉಣ್ಣಲು ಬಡಿಸುತ್ತೇವೆ. ಹೊತ್ತು ಮುಳುಗುವ ಮೊದಲು ಕಳಿಸುವ ಪದ ಹಾಡಿ, ಚೊಂಬಿನ ನೀರನ್ನು ಹರಿಯುವ ನೀರಿಗೆ ಬಿಡಬೇಕು. ಯಾವ ಬಾಯಿ ಕರೆಯಿತೋ ಅದೇ ಬಾಯಿ ಕಳಿಸಬೇಕು.

ದೋಣಿಗಲ್ ತಿರುವಿನಲ್ಲಿ ನಿನ್ನ ಅಮ್ಮ ಹೇಮಶ್ರೀ ಕೂತಿದ್ದ ವ್ಯಾನಿಗೆ ಲಾರಿ ಹೊಡೆದಾಗ ನಿನಗೆ ನಾಲ್ಕು ವರ್ಷ. ಮೂರನೇ ದಿನ ನಮ್ಮೂರ ನಜೀರನ ಬಾಡಿಗೆ ಜೀಪಿನಲ್ಲಿ ಹೋಗಿ ಅವಳನ್ನು ಕರೆತಂದೆ. ಅವನು ಮುಂದಿನ ಸೀಟಿನಲ್ಲಿ ಯಾರನ್ನೂ ಕೂರಗೊಡಲಿಲ್ಲ. ಸಕಲೇಶಪುರದಲ್ಲಿ ಯಾರೋ ಹತ್ತಲು ಬಂದರೆ, "ಅಲ್ಲಿ ನಮ್ ಹೇಮಕ್ಕ ಕೂತವ್ಳೆ, ಹಿಂದುಕ್ ಹೋಗ್ರೀ" ಅಂದ. ಆ ಮನುಷ್ಯ ಇಟ್ಟ ಕಾಲು ತೆಗೆದವನು ಮತ್ತೆ ಹತ್ತಲೇ ಇಲ್ಲ. ಮನೆಯಲ್ಲಿ ಎಲೆ ಹಾಕಿ ಬಡಿಸಿದೆ. ನೋಡನೋಡುತ್ತಿದ್ದ ಹಾಗೆ ಅನ್ನದಲ್ಲಿ ಐದು ಬೆರಳಿನ ಗುಳಿ ಬಿತ್ತು. ಹೊತ್ತು ಇಳಿಯುತ್ತ ಬಂತು. "ನಾನೇ ಕಳಿಸ್ತೀನಿ, ನೀವೆಲ್ಲ ಹೊರಡಿ" ಎಂದು ನೆಂಟರನ್ನು ಅಟ್ಟಿದೆ.

ನಾನು ಕಳಿಸಲಿಲ್ಲ.

ಇಪ್ಪತ್ತೆರಡು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ. ಎಲ್ಲಿ ಎದ್ದು ಹೋಗುತ್ತಾಳೋ ಎಂದು ದಿನಾ ಸಂಜೆ ಕರೆಯುವ ಪದ ಮಾತ್ರ ಹಾಡಿದೆ. ನೀನು ನನ್ನ ತೊಡೆಯ ಮೇಲೆ ಮಲಗಿ ಅದನ್ನೇ ಕಲಿತೆ. ಒಂದು ದಿನ, "ಅಜ್ಜಿ, ಅಮ್ಮನ ಕಾಲು ಯಾವಾಗ್ಲೂ ಯಾಕೆ ಒದ್ದೆ ಇರ್ತದೆ?" ಎಂದು ಕೇಳಿದ್ದೆ. ಗದರಿ ಬಾಯಿ ಮುಚ್ಚಿಸಿದೆ. ಬಚ್ಚಲ ಬಾಗಿಲಿಂದ ಒಲೆಯ ತನಕ ಬಿದ್ದಿರುತ್ತಿದ್ದ ಹೆಜ್ಜೆಯನ್ನು ದಿನಾ ಒರೆಸುತ್ತಿದ್ದವಳು ನಾನೇ. ಒರೆಸುವಾಗ ಎಷ್ಟು ಸಂತೋಷವಾಗುತ್ತಿತ್ತು ಅಂತೀಯ.

ನಿನ್ನ ಹಾಡು ಬಂದ ದಿನದಿಂದ ನೆಲ ಒಣಗಿದೆ.

ಎಲ್ಲಿ ಹೋದಳು ಎಂದು ಹುಡುಕುವ ಕಷ್ಟ ನನಗಿರಲಿಲ್ಲ, ನೀನೇ ಫೋನಿನಲ್ಲಿ ನಗುತ್ತ ಹೇಳಿದೆ. ಹಾಡಿನ ಎರಡನೇ ಸಾಲಿನಲ್ಲಿ ಇನ್ನೊಂದು ದನಿ ಸೇರಿಕೊಂಡಿದೆ, ರೆಕಾರ್ಡು ಮಾಡಿದವರು ಎಷ್ಟು ತೆಗೆದರೂ ಹೋಗಲಿಲ್ಲ, ಚೆನ್ನಾಗಿದೆ ಎಂದು ಹಾಗೇ ಬಿಟ್ಟರು ಅಂದೆ. ಸಂಜೆಯಾದರೆ ನಿನ್ನ ಮನೆಯ ಬಚ್ಚಲಲ್ಲಿ ನಲ್ಲಿ ತಾನಾಗಿ ಬಿಟ್ಟುಕೊಳ್ಳುತ್ತದೆ, ಪ್ಲಂಬರ್ ಎರಡು ಸಲ ಬಂದು ಹೋದ ಅಂದೆ. ಅವನೇನು ಮಾಡಿಯಾನು ಪಾಪ? ಆ ದನಿ ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು, ನನಗೆ ಗೊತ್ತಿಲ್ಲವೇ?

ಅಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಭಾನುವಾರ ನೀನು ಫೋನು ಮಾಡಿ ಮೊದಲ ಮಾತಿಗೇ "ಅವ್ವಾ" ಅಂದೆ. ಹುಟ್ಟಿದಾಗಿನಿಂದ ನೀನು ನನ್ನನ್ನು ಅಜ್ಜಿ ಎಂದೇ ಕರೆದವಳು, ಅವ್ವ ಅನ್ನುತ್ತಿದ್ದವಳು ನಿನ್ನ ಅಮ್ಮ. "ಯಾಕೆ ಹಂಗಂದೆ?" ಎಂದು ಕೇಳಿದರೆ ಹಾಗೆ ಅಂದದ್ದೇ ನಿನಗೆ ನೆನಪಿಲ್ಲ. ಆಮೇಲೆ ನಮ್ಮ ಹಳೇ ಹಸು ಕರು ಹಾಕಿತಾ ಎಂದು ಕೇಳಿದೆ. ಆ ಹಸು ನೀನು ಹುಟ್ಟುವ ಮೊದಲೇ ಸತ್ತಿತ್ತು ಮಗಾ. ಅವಳು ನಿನಗೆ ಕೆಡುಕು ಬಯಸಿಲ್ಲ. ಕರೆದರೆ ಬಂದಿದ್ದಾಳೆ, ಕೂರಲು ಜಾಗ ಇಲ್ಲದೆ ನಿನ್ನೊಳಗೇ ಕೂತಿದ್ದಾಳೆ.

ಬರುವ ಭಾನುವಾರ ಸಕಲೇಶಪುರದ ಮೈದಾನದಲ್ಲಿ ಮೊದಲ ಸಲ ಜನರ ಮುಂದೆ ಹಾಡುತ್ತೀಯಂತೆ. ನಿನ್ನ ಜೊತೆಗೆ ಸಾವಿರ ಬಾಯಿ ಸೇರಿ ಕರೆಯುತ್ತದೆ. ಅಷ್ಟು ಜನ ಕರೆದ ಮೇಲೆ ಕಳಿಸದೆ ಬಿಟ್ಟರೆ ಅವಳು ಏಳುವುದಿಲ್ಲ. ಆಮೇಲೆ ನನಗೆ ಮಗಳೂ ಉಳಿಯುವುದಿಲ್ಲ, ಮೊಮ್ಮಗಳೂ ಉಳಿಯುವುದಿಲ್ಲ. ಅದಕ್ಕೇ ನಿನ್ನ ಹಾಡು ಮುಗಿದ ಕೂಡಲೇ ವಾದ್ಯ ನಿಲ್ಲಿಸು. ಸೂರ್ಯ ಇರುವಾಗಲೇ ಇದನ್ನು ಒಂದೇ ಒಂದು ಸಲ ಹಾಡು. ರಾಗ ಅದೇ. ಮೊದಲೇ ಅಭ್ಯಾಸ ಮಾಡಬೇಡ, ಓದುವಾಗ ತುಟಿ ಕೂಡ ಅಲ್ಲಾಡಿಸಬೇಡ.

ಉಂಡೆಯಲ್ಲೇ ಮಗಳೆ, ತಣಿದೆಯಲ್ಲೇ ಮಗಳೆ,
ಕಾಲ ತೊಳೆದ ನೀರು ಹೊಳೆಯ ಸೇರಲಿ.
ಹೆತ್ತ ಮಡಿಲು ಇನ್ನು ನಿನ್ನ ಕೇಳೋದಿಲ್ಲ,
ತಿರುಗಿ ನೋಡ್ದೆ ಹೋಗ್ತೀನಿ, ಕದ ಹಾಕ್ಕೊಳ್ಳವ್ವ.

ಟೈಮಿಲ್ಲ ಎಂದು ನಿನ್ನ ಮ್ಯಾನೇಜರಮ್ಮ ಮೂತಿ ತಿರುಗಿಸಿದರೆ ನನ್ನ ಹತ್ತಿರ ಕಳಿಸು, ಎರಡು ಮಾತಲ್ಲಿ ನೆಟ್ಟಗೆ ಮಾಡುತ್ತೇನೆ. ನಾನು ಮುಂದಿನ ಸಾಲಿನಲ್ಲೇ ಚೊಂಬು ಹಿಡಿದು ಕೂತಿರುತ್ತೇನೆ. ನೀನು ಹಾಡಿ ಮುಗಿಸು, ಹೇಮಾವತಿ ಹೊಳೆ ತನಕ ನಡೆಯುವ ಕೆಲಸ ನನಗಿರಲಿ.

ನಿನ್ನನ್ನು ನಿನ್ನ ದನಿಯಲ್ಲೇ ಕೇಳಲು ಕಾದಿರುವ,
ಅಜ್ಜಿ ಮಾದೇವಮ್ಮ

ತಾಜಾಕಲಂ: ಪದದ ಮೂರು ಸಾಲು ಮಾತ್ರ ನಾನು ಬರೆದದ್ದು. ನಾಲ್ಕನೆಯದಕ್ಕೆ ಕೈ ಬರಲಿಲ್ಲ. ಜಾಗ ಬಿಟ್ಟು ಮಿಕ್ಕಿದ್ದನ್ನು ಬರೆದು ಮುಗಿಸಿದೆ. ಮೂರೇ ಸಾಲಿನ ಪದ ಎಂದು ನಿನಗೆ ಸುಳ್ಳು ಹೇಳಿ ಕಳಿಸಿಬಿಡೋಣ ಎಂದೂ ಅನ್ನಿಸಿತು. ಒಲೆ ಊದಿ ಬರುವಷ್ಟರಲ್ಲಿ ಆ ಜಾಗ ತುಂಬಿತ್ತು. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ಅದೊಂದು ಸಾಲು ನೋಡು, ಎಷ್ಟು ದುಂಡಗಿದೆ. ಪಿ.ಯು.ಸಿ. ಓದಿದವಳ ಅಕ್ಷರ. ಅಲ್ಲಿ ಕಳಿಸುವವರ ಮಾತಿರಬೇಕಿತ್ತು, ನಿನ್ನ ಅಮ್ಮ ಒಂದು ಗಳಿಗೆ ಬಂದು ತನ್ನ ಮಾತು ಬರೆದು ಹೋಗಿದ್ದಾಳೆ. ಅದು ಹೇಗಿದೆಯೋ ಹಾಗೇ ಹಾಡು ಮಗಾ. ಇರ್ತೀಯಾ, ಹೋಗ್ತೀಯಾ ಎಂದು ಇಷ್ಟು ವರ್ಷ ನಾನು ಅವಳನ್ನು ಒಂದು ಮಾತು ಕೇಳಿಯೇ ಇರಲಿಲ್ಲ.