ಐಸಿನ ಮೇಲೆ ಉರುಳುಸೇವೆ

ಪ್ರೀತಿಯ ಚಿಕ್ಕಮ್ಮ,

ಬಹರೈನಿನಲ್ಲಿ ಹೊರಗೆ ಬೆಂಕಿಯಂಥ ಬಿಸಿಲು. ಒಳಗೆ ಮಂಜುಗಡ್ಡೆಯ ಅಂಕಣದಲ್ಲಿ ನಾನು ಸ್ವೆಟರ್ ತೊಟ್ಟು ಐಸ್ ಹಾಕಿ ಆಟ ಕಲಿಯುತ್ತಿದ್ದೇನೆ, ಅದೂ ನಲವತ್ನಾಲ್ಕನೇ ವಯಸ್ಸಿನಲ್ಲಿ!

ನಿನ್ನೆ ಮಹಿಳಾ ತಂಡದ ಆಯ್ಕೆಯಿತ್ತು. ಉಳಿದಿದ್ದದ್ದು ಒಂದೇ ಸ್ಥಾನ, ನನಗದು ಬೇಕೇ ಬೇಕಿತ್ತು. ಥ್ರೋಬಾಲ್ ಕಲಿಸುವಾಗ ನೀವು ಮಾಡಿಸಿದ ಅಭ್ಯಾಸದಂತೆ ಅಂಕಣ ಮುಟ್ಟಿ ಹಣೆಗೊತ್ತಿಕೊಳ್ಳಲು ಬಗ್ಗಿದೆ. ಕಾಲು ನಿಲ್ಲಲಿಲ್ಲ. ಹೊಟ್ಟೆಯ ಮೇಲೆ ಜಾರುತ್ತಾ ಗೋಲಿನೊಳಗೇ ಹೋಗಿಬಿಟ್ಟೆ.

"ಎಂತ ಮಾರಾಯ್ತಿ, ಉರುಳುಸೇವೆಯ ಹರಕೆ ಉಂಟಾ?" ಎಂದು ಗೆಳತಿ ಫಿಲೊಮಿನಾ ನಕ್ಕಳು.

ಕೋಚ್ ಇರ್ಯಾ ನಗಲಿಲ್ಲ. ಅವರು ಫಿನ್ಲೆಂಡಿನಲ್ಲಿ ವರ್ಷಗಟ್ಟಲೆ ವೃತ್ತಿಪರ ಆಟಗಾರ್ತಿಯಾಗಿದ್ದವರು. "ಆಡುತ್ತಿದ್ದಷ್ಟು ಕಾಲ ನಾನೂ ಅದೃಷ್ಟಕ್ಕೆಂದು ಎಡಗಾಲಿನ ಬೂಟನ್ನೇ ಮೊದಲು ಕಟ್ಟುತ್ತಿದ್ದೆ. ನಿನ್ನ ನಂಬಿಕೆ ಬಿಡಬೇಡ," ಎಂದರು. ಆಮೇಲೆ, "ಬೀಳಲು ಹೆದರದವಳೇ ಗೋಲ್‌ಕೀಪರ್ ಆಗಬೇಕು," ಎಂದು ನನ್ನನ್ನು ಆರಿಸಿಕೊಂಡರು. ಹೆದರುವಷ್ಟು ಸಮಯವೇ ಸಿಗಲಿಲ್ಲವೆಂದು ಹೇಳಬೇಕಿತ್ತೇನೋ.

ಮೊಣಕಾಲು ಬದನೆಕಾಯಿಯ ಬಣ್ಣಕ್ಕೆ ತಿರುಗಿದೆ. ಫಿಲೊಮಿನಾಳ ತಮ್ಮ ರೋಶನ್ ರಜೆ ಮುಗಿಸಿ ಊರಿಂದ ಬರುವಾಗ ಅವನ ಕೈಯಲ್ಲಿ ನೋವಿನ ಎಣ್ಣೆ ಕಳಿಸಿ. ಮುಂದಿನ ತಿಂಗಳು ಮೊದಲ ಪಂದ್ಯ. ಅಷ್ಟರಲ್ಲಿ ಒಂದು ವಿಷಯ ಫೋನ್ ಮಾಡಿ ತಿಳಿಸಿ: ಮಲಗಿಕೊಂಡೇ ಅಂಕಣ ಮುಟ್ಟಿದರೂ ನಮಸ್ಕಾರ ಸಲ್ಲುತ್ತದಲ್ಲವೇ?

ಅವಸರದಲ್ಲಿ, ಕುಂಟುತ್ತಾ,
ವಿನಿತಾ