ಹದಿನೈದನೇ ಹುಡುಗಿ

...ಸಾರಿ, ಮತ್ತೆ ಮೊದಲಿಂದ ಶುರು ಮಾಡ್ತಿದೀನಿ, ಬೆರಳು ತಾಗಿ ಫೋನಲ್ಲಿ ರೆಕಾರ್ಡ್ ಮಾಡಿದ್ದೆಲ್ಲ ಅಳಿಸಿಹೋಯ್ತು. ಇವತ್ತು ಹನ್ನೆರಡನೇ ತಾರೀಖು, ಗುರುವಾರ. ನನ್ನ ಬಿಸಿನೆಸ್ ಕ್ಲಾಸಲ್ಲಿ ಇರೋದೇ ಹದಿನೈದು ಮಕ್ಕಳು. ಒಂದು ತಲೆ ಕಮ್ಮಿಯಾದ್ರೂ ಮುಂದಿನ ವರ್ಷ ಈ ಕೋರ್ಸ್ ಇರಲ್ಲ ಅಂತ ಹೆಡ್‌ಮಾಸ್ಟರ್ ಹೇಳಿಯಾಗಿದೆ. ಇವತ್ತು ಕಿಟಕಿ ಪಕ್ಕ ಕೂರೋ ಹುಡುಗಿ ಬಂದು, "ಸಾರ್, ನಾನು ಇಂಗ್ಲಿಷ್ ಕೋರ್ಸಿಗೆ ಹೋಗ್ತೀನಿ, ಸೈನ್ ಹಾಕ್ಕೊಡಿ" ಅಂತ ಫಾರಂ ಇಟ್ಟಳು. ಇಂಗ್ಲಿಷ್ ಅಂದ್ರೆ ನನ್ನ ಹೆಂಡತಿ ಕ್ಲಾಸು! "ನಾಳೆ ನೋಡೋಣಮ್ಮ" ಅಂತ ಜಾರಿಕೊಂಡೆ.

ತಪ್ಪು ನನ್ನದೇ. ಹೋದ ವಾರ, ಕೆಲಸ ಸಿಗದವರಿಗೆ ಕಂಪನಿ ಬರೆಯೋ ಪತ್ರ ಬರೀರಿ ಅಂದಿದ್ದೆ. ಮೂರು ಸಾಲು ಸಾಕು. ಇವಳು ಒಂದೂವರೆ ಪುಟ ಬರೆದಿದ್ದಳು. "ನೀವು ಅಂಗಿಗೆ ಇಸ್ತ್ರಿ ಮಾಡಿಕೊಂಡು, ಅರ್ಧ ಗಂಟೆ ಮೊದಲೇ ಬಂದು ಕೂತಿದ್ದನ್ನು ನಾವು ನೋಡಿದೆವು" ಅಂತ. ನಾನು ಅದರ ಮೇಲೆ ಕೆಂಪು ಗೆರೆ ಎಳೆದು ಹತ್ತಕ್ಕೆ ನಾಲ್ಕು ಕೊಟ್ಟೆ.

ಈಗ ಕೂತು ಮತ್ತೆ ಓದಿದೆ. ಇಪ್ಪತ್ಮೂರನೇ ವಯಸ್ಸಲ್ಲಿ ನನಗೂ ಅಂಥದೊಂದು ಪತ್ರ ಬಂದಿತ್ತು, ಮೂರೇ ಸಾಲು. ವಾರಗಟ್ಟಲೆ ಯಾರಿಗೂ ಮುಖ ತೋರಿಸಿರಲಿಲ್ಲ. ಈ ಹುಡುಗಿಯ ಒಂದು ಸಾಲು ಅದರಲ್ಲಿ ಇದ್ದಿದ್ರೆ...

ಸೈನ್ ಹಾಕಿದೆ. ಇನ್ನು ನನ್ನ ಕ್ಲಾಸಲ್ಲಿ ಹದಿನಾಲ್ಕೇ ತಲೆ, ಇರಲಿ. ನಾಲ್ಕನ್ನ ಎಂಟು ಮಾಡಿದೆ. ಪತ್ರ ಉದ್ದ ಆಗಿರೋದಂತೂ ನಿಜ, ಹತ್ತು ಕೊಡಕ್ಕಾಗಲ್ಲ.

ಏನೇ? ಯಾರ ಜೊತೆನೂ ಇಲ್ಲ, ಒಬ್ಬನೇ ಮಾತಾಡ್ಕೊತಿದ್ದೆ. ಬಂದೆ ಕಣೇ. ನಿನ್ನ ಕ್ಲಾಸಲ್ಲಿ ಇನ್ನೊಂದು ಕುರ್ಚಿಗೆ ಜಾಗ ಮಾಡು... ಬಂದು ಹೇಳ್ತೀನಿ ಇರು. ಸರಿ, ರೆಕಾರ್ಡಿಂಗ್ ನಿಲ್ಲಿಸ್ತೀನಿ.