ಎಂಟಡಿ ನೀರಿಗೆ ಆದೇಶವಿಲ್ಲ

ಕಡೂರು, ಅಕ್ಟೋಬರ್ ೧೯೮೮

ನೀರಾವರಿ ಕಚೇರಿಯ ಮಾನ್ಯ ಅಧಿಕಾರಿಗಳೇ,

ಅಜ್ಜಂಪುರದ ಕಡೆಯ ನಮ್ಮ ಸಣ್ಣ ಕೆರೆಯಿಂದ ಗದ್ದೆಗಳಿಗೆ ನೀರು ಬಿಡುವ ನೀರಗಂಟಿ ಬೀರಯ್ಯನವರಿಗೆ ತಾವು ಕಳಿಸಿರುವ ನೋಟೀಸು ನನಗೆ ಬರಬೇಕಾಗಿತ್ತು. ತಮ್ಮ ವಾರದ ಪಟ್ಟಿ ತಯಾರಿಸುವ ಪ್ರೋಗ್ರಾಮಿನಲ್ಲಿ ತಪ್ಪು ಸಾಲು ಬರೆದವನು ನಾನು. ಎರಡು ವಾರದಿಂದ ಇದನ್ನು ಬಚ್ಚಿಟ್ಟಿದ್ದೆ.

ನಾನು ಹತ್ತನೇ ತರಗತಿಗೆ ಶಾಲೆ ಬಿಟ್ಟವನು. ಇಲ್ಲಿನ ಟೈಪಿಂಗ್ ಶಾಲೆಯೊಂದರ ಮಾಲೀಕರು ಕಂಪ್ಯೂಟರ್ ತಂದಾಗ ಪುಸ್ತಕ ನೋಡಿಕೊಂಡು ಪ್ರೋಗ್ರಾಮ್ ಬರೆಯಲು ಕಲಿತೆ. ಕೆರೆಗಳ ಪಟ್ಟಿಯ ಕೆಲಸವನ್ನು ತಾವು ಅವರಿಗೆ ಕೊಟ್ಟಿರಿ, ಅವರು ನನಗೆ ಕೊಟ್ಟರು. ತಮ್ಮ ನಿಯಮ ಇಷ್ಟೇ: ನೀರು ಎಂಟಡಿಗಿಂತ ಕಡಿಮೆಯಿದ್ದರೆ ತೂಬು ಮುಚ್ಚಿ, ಎಂಟಡಿಗಿಂತ ಹೆಚ್ಚಿದ್ದರೆ ಎತ್ತಿ. ಅದನ್ನೇ ಎರಡು ಷರತ್ತಾಗಿ ಬರೆದೆ. ಸರಿಯಾಗಿ ಎಂಟಡಿ ಇದ್ದರೆ? ತಾವು ಹೇಳಲಿಲ್ಲ, ನಾನು ಕೇಳಲಿಲ್ಲ. ಆ ವಾರ ನಮ್ಮ ಕೆರೆಯಲ್ಲಿ ಸರಿಯಾಗಿ ಎಂಟಡಿ ನೀರಿತ್ತು. ಕಂಪ್ಯೂಟರ್ ಮೊದಲ ಷರತ್ತು ನೋಡಿತು, ಕಡಿಮೆಯಲ್ಲ. ಎರಡನೆಯದು ನೋಡಿತು, ಹೆಚ್ಚೂ ಅಲ್ಲ. ನಮ್ಮ ಕೆರೆಯ ಹೆಸರಿನ ಮುಂದೆ ಏನನ್ನೂ ಅಚ್ಚು ಮಾಡದೆ ಮುಂದಿನ ಕೆರೆಗೆ ಹೋಯಿತು. ಸರ್ಕಾರಿ ಕೆಲಸದ ರೀತಿಯನ್ನು ಅದು ಬಹುಬೇಗ ಕಲಿತಿದೆ.

ತಮ್ಮ ಗುಮಾಸ್ತರು, ಆದೇಶ ಬರುವ ತನಕ ಕಾಯಿರಿ ಎಂದರು. ಬೀರಯ್ಯ ಐದು ದಿನ ಕಾದರು. ಕೆಳಗಿನ ಈರಕ್ಕನ ಗದ್ದೆಯಲ್ಲಿ ಪೈರು ಬಾಡಿತು. ಅಷ್ಟರಲ್ಲಿ ನನಗೆ ತಪ್ಪು ಗೊತ್ತಾಗಿತ್ತು. ಒಪ್ಪಿಕೊಳ್ಳುವ ಧೈರ್ಯವಿಲ್ಲದೆ ಕೆರೆ ಏರಿಗೆ ಹೋಗಿ ಬೀರಯ್ಯನವರಿಗೆ, ಎಂಟೂಕಾಲು ಅಡಿ ಎಂದು ಬರೆಸಿಬಿಡಿ, ಆದೇಶ ತಾನಾಗಿ ಬರುತ್ತದೆ ಎಂದೆ.

ಅವರು ಅಳತೆಗಲ್ಲು ತೋರಿಸಿದರು. "ನೀರು ಎಂಟಡಿ ಗೆರೆ ಮುಟ್ಟೈತೆ, ನೋಡಪ್ಪ. ಮುಟ್ಟಿದ್ರೆ ತೂಬು ಎತ್ತೋದಕ್ಕೆ ಸೇರ್ತು ಅಂತ್ಲೇ ನಮ್ಮಪ್ಪನ ಕಾಲದಿಂದ್ಲೂ ಲೆಕ್ಕ. ಇನ್ನು ಕಾಲಡಿ ಎಲ್ಲೈತೆ? ನಿನ್ ಮಿಸನ್ನಿಗೋಸ್ಕರ ನಾನ್ ಸುಳ್ ಬರೆಸ್ಲಾ?"

ಹಾಗೆಂದವರು ಅಲ್ಲೇ ತೂಬು ಎತ್ತಿದರು.

ಆದೇಶ ಮೀರಿದ್ದಕ್ಕೆ ಅವರನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂದು ಈಗ ತಾವು ಕೇಳಿದ್ದೀರಿ. ಸೋಮವಾರದೊಳಗೆ ಉತ್ತರ ಬೇಕಂತೆ. ಯಾವ ಆದೇಶ, ಮಾನ್ಯರೇ? ಖಾಲಿ ಜಾಗವನ್ನು ಮೀರುವುದು ಹೇಗೆ? ಮುಚ್ಚಿ ಎಂಬ ಆದೇಶವೂ ಇರಲಿಲ್ಲವಲ್ಲ, ಐದು ದಿನ ಮುಚ್ಚಿಟ್ಟಿದ್ದಕ್ಕೂ ಒಂದು ನೋಟೀಸು ಬರುವುದಿದೆಯೇ?

ತಪ್ಪು ನನ್ನದೆಂದು ಮಾಲೀಕರಿಗೆ ಮೊನ್ನೆ ಹೇಳಿದೆ. "ಸುಮ್ಕಿರಲೇ," ಎಂದರು. "ಕಂಪ್ಯೂಟರ್ ತಪ್ಪು ಮಾಡ್ತು ಅಂದ್ರೆ ನಾಳೆ ನಮ್ಗೆ ಕೆಲ್ಸ ಕೊಡೋರ್ ಯಾರು?" ಪತ್ರಿಕೆಗೆ ಬರೆಯುತ್ತೇನೆ ಎಂದದ್ದಕ್ಕೆ ನನ್ನಿಂದ ಶಾಲೆಯ ಬೀಗದ ಕೈ ಕಿತ್ತುಕೊಂಡರು.

ನೋಟೀಸನ್ನು ಹಿಂದಕ್ಕೆ ತೆಗೆದುಕೊಳ್ಳಿ. ನಿಯಮವನ್ನು 'ಎಂಟಡಿ ಅಥವಾ ಅದಕ್ಕಿಂತ ಹೆಚ್ಚು' ಎಂದು ತಿದ್ದಿ. ಪ್ರೋಗ್ರಾಮಿನಲ್ಲಿ ಒಂದೇ ಒಂದು ಚಿಹ್ನೆ ಸೇರಿಸಿದರೆ ಆಯಿತು. ಯಾವ ಷರತ್ತಿಗೂ ಸೇರದ ಅಳತೆ ಮುಂದೆಂದಾದರೂ ಬಂದರೆ ಜಾಗ ಖಾಲಿ ಬಿಡುವುದು ಬೇಡ, 'ನೀರಗಂಟಿಯನ್ನು ಕೇಳಿ' ಎಂದು ಅಚ್ಚಾಗಲಿ. ಸೋಮವಾರ ಬೀರಯ್ಯ ತಮಗೆ, ಪತ್ರಿಕೆಗೂ ಕಳಿಸುತ್ತಿರುವ ಈ ಪತ್ರವನ್ನೇ ಉತ್ತರವಾಗಿ ಕೊಡುತ್ತಾರೆ. ನನ್ನನ್ನು ವಿಚಾರಿಸಬೇಕಾದರೆ ವಿಳಾಸ ಅವರ ಬಳಿ ಇದೆ.

ಇಂತಿ,
ಗೆರೆಯನ್ನು ಮರೆತ
ಲಕ್ಕಣ್ಣ

ನಾಳೆ ಬೆಳಗಿನ ರೈಲಿಗೆ ಕೆಲಸ ಹುಡುಕಿಕೊಂಡು ದಾವಣಗೆರೆಗೆ ಹೋಗುತ್ತಿದ್ದೇನೆ.